ದ್ರಾಕ್ಷಿ ಸುಗ್ಗಿಯ ಹೊತ್ತಿನ ಇಂಗ್ಲಿಷ್ ತರಗತಿ: ವಿಜಯಪುರ, ತಿಕೋಟಾ, ಬಬಲೇಶ್ವರದ ಪ್ರೌಢಶಾಲೆಗಳಲ್ಲಿ ವರ್ಷಾಂತ್ಯದ ಪಾಠ ಮತ್ತು ಪ್ರಾಜೆಕ್ಟ್

ಜನವರಿ ಬಂತೆಂದರೆ ಪ್ರೌಢಶಾಲೆಯ ಗಮನವೆಲ್ಲ ಹತ್ತನೆಯ ತರಗತಿಯ ಮೇಲೆ. ಪೂರ್ವಸಿದ್ಧತಾ ಪರೀಕ್ಷೆ, ಶಾಲೆ ಬಿಟ್ಟ ಮೇಲೆ ವಿಶೇಷ ತರಗತಿ, ಹಿಂದೆ ಬಿದ್ದ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’, ಮೇಲಿನ ಕಚೇರಿಗೆ ಕಳಿಸಬೇಕಾದ ಪ್ರಗತಿ ವರದಿ, ಇಷ್ಟರಲ್ಲೇ ಇಂಗ್ಲಿಷ್ ಶಿಕ್ಷಕರ ದಿನ ಕಳೆದುಹೋಗುತ್ತದೆ. ಬಹಳಷ್ಟು ಹಳ್ಳಿ ಶಾಲೆಗಳಲ್ಲಿ ಎಂಟು, ಒಂಬತ್ತು, ಹತ್ತು ಮೂರೂ ತರಗತಿಗೆ ಇಂಗ್ಲಿಷ್ ಹೇಳುವವರು ಒಬ್ಬರೇ. ಹಾಗಾಗಿ ಈ ಅವಧಿಯಲ್ಲಿ ಒಂಬತ್ತನೆಯ ತರಗತಿಯ ಪಾಲಿಗೆ ಬರುವುದು ಪಾಠದ ಕೊನೆಯ ಪ್ರಶ್ನೋತ್ತರಗಳನ್ನು ಮತ್ತೊಮ್ಮೆ ನೋಟ್‌ಬುಕ್ಕಿಗೆ ಇಳಿಸುವ ಕೆಲಸ, ಇಲ್ಲವೇ ಚಾರ್ಟ್ ಪೇಪರಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದ ‘ಪಾರ್ಟ್ಸ್ ಆಫ್ ಸ್ಪೀಚ್’. ಚಾರ್ಟು ಗೋಡೆ ಸೇರುತ್ತದೆ, ಅಂಕ ದಾಖಲೆ ಪುಸ್ತಕ ಸೇರುತ್ತದೆ, ವರ್ಷ ಮುಗಿಯುತ್ತದೆ.

ಈ ಲೇಖನ ಆ ಕೊನೆಯ ವಾರಗಳ ಕುರಿತದ್ದು. ವಿಜಯಪುರ ನಗರ, ಅದರ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿರುವ ತಿಕೋಟಾ, ನೈಋತ್ಯಕ್ಕೆ ಜಮಖಂಡಿ ರಸ್ತೆಯಲ್ಲಿರುವ ಬಬಲೇಶ್ವರ ಈ ಮೂರು ಜಾಗಗಳನ್ನು ಮುಂದಿಟ್ಟುಕೊಂಡು ನಾನು ಹೇಳಹೊರಟಿರುವುದು ಒಂದೇ ಮಾತು. ವರ್ಷಾಂತ್ಯದ ಇಂಗ್ಲಿಷ್ ಪಾಠ ಕಲಿತದ್ದನ್ನು ಒಪ್ಪಿಸುವ ಸಮಯವಲ್ಲ, ಬಳಸುವ ಸಮಯ. ಬಳಸುವುದಕ್ಕೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿ ಸರಿಯಾಗಿ ಅದೇ ತಿಂಗಳುಗಳಲ್ಲಿ ಶಾಲೆಯ ಹೊರಗೆ ತಯಾರಾಗಿ ನಿಂತಿರುತ್ತದೆ. ಅದನ್ನು ಒಳಗೆ ತರುವ ಯೋಜನೆ ಮಾತ್ರ ಜನವರಿಯಲ್ಲಿ ಅಲ್ಲ, ನವೆಂಬರಿನಲ್ಲೇ ಶುರುವಾಗಬೇಕು.

ನಿಯಮದಲ್ಲಿರುವ ಜಾಗ

ಪ್ರಾಜೆಕ್ಟಿಗೆ ಸಮಯ ಎಲ್ಲಿದೆ ಎಂಬುದು ಶಿಕ್ಷಕರ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಇಲಾಖೆಯ ಮೌಲ್ಯಮಾಪನ ಕ್ರಮದಲ್ಲೇ ಇದೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಪ್ರಕಾರ ಒಂಬತ್ತನೆಯ ತರಗತಿಯಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ಮೊದಲಿನವು ತಲಾ ಶೇ. 10, ಎರಡನೆಯವು ತಲಾ ಶೇ. 30. ರೂಪಣಾತ್ಮಕ ಮೌಲ್ಯಮಾಪನವೆಂದರೆ ಬರೀ ಕಿರುಪರೀಕ್ಷೆಯಲ್ಲ, ಅದರ ಜೊತೆಗೆ ಚಟುವಟಿಕೆಗಳೂ ಇರಬೇಕು. ನಾಲ್ಕನೆಯದು, ಶಿಕ್ಷಕರು ಎಫ್‌ಎ-4 ಎಂದು ಕರೆಯುವುದು, ಜನವರಿ-ಫೆಬ್ರವರಿಗೆ ಬರುತ್ತದೆ. ಅಂದರೆ ವರ್ಷಾಂತ್ಯದ ಪ್ರಾಜೆಕ್ಟಿಗೆ ಹೊಸದಾಗಿ ಅವಧಿಯನ್ನೂ ಹುಡುಕಬೇಕಾಗಿಲ್ಲ, ಅಂಕವನ್ನೂ ಹುಡುಕಬೇಕಾಗಿಲ್ಲ. ಈಗಾಗಲೇ ಇರುವ ಜಾಗವನ್ನು ಚಾರ್ಟ್ ಪೇಪರಿನ ಕೈಯಿಂದ ಬಿಡಿಸಿಕೊಂಡರೆ ಸಾಕು.

ಒಂಬತ್ತನೆಯ ತರಗತಿಯ ವರ್ಷಾಂತ್ಯ ಹೇಗಿರಬೇಕು ಎಂಬ ಬಗ್ಗೆ ರಾಜ್ಯದಲ್ಲಿ ದೊಡ್ಡ ಜಗಳವೇ ನಡೆದಿದೆ. 2023-24ರಲ್ಲಿ ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಸಲು ಸರ್ಕಾರ ಹೊರಟಿತು. ವಿಷಯ ಹೈಕೋರ್ಟ್ ದಾಟಿ ಮೇಲೆ ಹೋಗಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಕಾನೂನಿನ ಸರಿತಪ್ಪು ಇಲ್ಲಿ ಚರ್ಚೆಯಲ್ಲ. ಆದರೆ ಹದಿನಾಲ್ಕು-ಹದಿನೈದು ವರ್ಷದ ಮಕ್ಕಳ ವರ್ಷಾಂತ್ಯವನ್ನು ಇನ್ನೊಂದು ಪರೀಕ್ಷೆಯಿಂದಲೇ ತುಂಬಬೇಕೆಂಬ ಹಂಬಲ ಎಷ್ಟು ಬಲವಾಗಿದೆ ಎಂಬುದು ಆ ಪ್ರಕರಣದಿಂದ ತಿಳಿಯುತ್ತದೆ. ಅಂಥ ಒತ್ತಡವಿಲ್ಲದೆ ಇಂಗ್ಲಿಷ್ ಬಳಸಲು ಪ್ರೌಢಶಾಲೆಯಲ್ಲಿ ಮಗುವಿಗೆ ಸಿಗುವ ಕೊನೆಯ ಅವಕಾಶ ಒಂಬತ್ತನೆಯ ತರಗತಿಯ ಈ ವಾರಗಳೇ. ಮುಂದಿನ ಜೂನ್‌ನಿಂದ ಅದು ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿ.

ಇನ್ನೊಂದು ಲೆಕ್ಕವೂ ಇದೆ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಇಂದು ತಿಕೋಟಾದ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಕೂತ ಹುಡುಗಿ ಎಂಟು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವಳು. ಆ ಎಂಟು ವರ್ಷದಲ್ಲಿ ಅವಳು ತನ್ನದೇ ಆದ ಒಂದು ಮಾತನ್ನು, ಅದನ್ನು ನಿಜವಾಗಿ ತಿಳಿಯಬಯಸುವ ಒಬ್ಬರಿಗಾಗಿ ಇಂಗ್ಲಿಷಿನಲ್ಲಿ ಬರೆದದ್ದುಂಟೆ? ಪುಸ್ತಕದಲ್ಲಿರುವ ಉತ್ತರ ಶಿಕ್ಷಕರಿಗೆ ಮೊದಲೇ ಗೊತ್ತು, ಪರೀಕ್ಷಕರಿಗೂ ಗೊತ್ತು. ಗೊತ್ತಿರುವವರಿಗೆ ಗೊತ್ತಿರುವುದನ್ನೇ ಹೇಳುವುದರಿಂದ ಭಾಷೆ ಕೈಗೆ ಹತ್ತುವುದಿಲ್ಲ.

ಬೆಂಗಳೂರಿನಿಂದ ಬಂದ ಪಾಠ

ಈ ಮಾತು ಹೊಸದಲ್ಲ. ಇದಕ್ಕೆ ಕರ್ನಾಟಕದಲ್ಲೇ ಹುಟ್ಟಿದ, ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ಹೆಸರು ಪಡೆದ ಒಂದು ಪ್ರಯೋಗದ ಆಧಾರವಿದೆ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದೆಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆದ ಈ ಪ್ರಯೋಗವನ್ನು ಹೊರಗಿನವರು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಗುರುತಿಸುತ್ತಾರೆ. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನಂಟೂ ಇದಕ್ಕಿತ್ತು. ವ್ಯಾಕರಣದ ನಿಯಮ ಹೇಳಿ ಅಭ್ಯಾಸ ಮಾಡಿಸುವ ಬದಲು ಮಕ್ಕಳ ಮುಂದೆ ಒಂದು ಸಮಸ್ಯೆ ಇಡುವುದು ಅದರ ಕ್ರಮ. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕು, ನಕ್ಷೆ ನೋಡಿ ಯಾವ ದಾರಿ ಹತ್ತಿರ, ಇಂಥವು. ಮಗುವಿನ ಗಮನ ಅರ್ಥದ ಮೇಲೆ ನೆಟ್ಟಾಗ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಬಂದ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕದಲ್ಲಿ ಅವರು ಇದನ್ನು ವಿವರಿಸಿದ್ದಾರೆ.

ಅವರು ಚಟುವಟಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಒಬ್ಬರ ಬಳಿ ಇರುವ ಮಾಹಿತಿಯನ್ನು ಇನ್ನೊಬ್ಬರಿಗೆ ದಾಟಿಸುವುದು ಒಂದು. ಕೊಟ್ಟ ಮಾಹಿತಿಯಿಂದ ತರ್ಕಿಸಿ ಹೊಸ ತೀರ್ಮಾನಕ್ಕೆ ಬರುವುದು ಇನ್ನೊಂದು. ತನ್ನ ಅಭಿಪ್ರಾಯವನ್ನು ಕಂಡುಕೊಂಡು ಹೇಳುವುದು ಮೂರನೆಯದು. ಶಾಲೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆ ಎಂದು ಅವರು ಕಂಡುಕೊಂಡರು. ಮಾಹಿತಿ ದಾಟಿಸುವುದು ಒಂದೆರಡು ಪದದಲ್ಲಿ ಮುಗಿದುಹೋಗುತ್ತದೆ, ಅಭಿಪ್ರಾಯಕ್ಕೆ ಸರಿತಪ್ಪಿಲ್ಲದ ಕಾರಣ ಹಿಂಜರಿಯುವ ಮಗು ಬಾಯಿ ಬಿಡುವುದೇ ಇಲ್ಲ. ತರ್ಕದಲ್ಲಿ ಮಾತ್ರ ‘ಯಾಕೆ’ ಎಂದು ಕೇಳಲು ಸದಾ ಅವಕಾಶವಿದೆ. ಈ ವಿಂಗಡಣೆ ನಮ್ಮ ವರ್ಷಾಂತ್ಯದ ಯೋಜನೆಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಒಂದು ಕಡೆ ಮಾತ್ರ ನಾನು ಪ್ರಭು ಅವರಿಂದ ಬೇರೆಯಾಗುತ್ತೇನೆ. ಅವರ ಪ್ರಯೋಗದಲ್ಲಿ ಸಮಸ್ಯೆ ಬಿಡಿಸುವುದೇ ಮುಖ್ಯ, ಮಕ್ಕಳು ಬೆಳೆಸಿ ಬರೆಯುವ ಬರಹಕ್ಕೆ ದೊಡ್ಡ ಸ್ಥಾನವಿರಲಿಲ್ಲ. ನಮ್ಮ ಮಕ್ಕಳು ಮುಂದಿನ ವರ್ಷ ಎದುರಿಸುವ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನವಿದೆ, ಪ್ರಬಂಧವಿದೆ, ಚಿತ್ರ ನೋಡಿ ಬರೆಯುವುದಿದೆ, ಕೊಟ್ಟ ಅಂಶಗಳಿಂದ ಒಬ್ಬ ವ್ಯಕ್ತಿಯ ಪ್ರೊಫೈಲ್ ಬರೆಯುವುದಿದೆ. ಬರವಣಿಗೆಯಿಲ್ಲದ ಪ್ರಾಜೆಕ್ಟು ಅವರನ್ನು ಅರ್ಧ ದಾರಿಯಲ್ಲಿ ಬಿಟ್ಟಂತೆ. ತರ್ಕದಿಂದ ಶುರುವಾಗಿ ಕಾಗದದ ಮೇಲೆ ಮುಗಿಯುವ ಕೆಲಸ ಬೇಕು.

ಶೆಡ್ಡಿನ ಪಾಠ

ತಿಕೋಟಾ ಸೀಮೆಯಲ್ಲಿ ಅಕ್ಟೋಬರ್ ಹೊತ್ತಿಗೆ ದ್ರಾಕ್ಷಿ ಬಳ್ಳಿಯ ಚಾಟ್ನಿ, ಅಂದರೆ ಸವರುವ ಕೆಲಸ, ಮುಗಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಟಾವು. ಹಸಿಯಾಗಿ ಮಾರಿದ್ದು ಬಿಟ್ಟು ಉಳಿದದ್ದೆಲ್ಲ ಒಣದ್ರಾಕ್ಷಿಯ ಶೆಡ್ಡಿಗೆ ಬರುತ್ತದೆ. ಶಾಲೆಯ ಕಿಟಕಿಯಿಂದಲೇ ಹಸಿರು ಪರದೆ ಹೊದ್ದ ಶೆಡ್ಡುಗಳು ಕಾಣುವ ಹಳ್ಳಿಗಳು ಅಲ್ಲಿವೆ. ತರಗತಿಯಲ್ಲಿ ಪ್ಯಾಸಿವ್ ವಾಯ್ಸ್ ಹೇಳುವಾಗ ನಾವು ಇಂದಿಗೂ ರಾಮ ರಾವಣನನ್ನು ಕೊಂದ ವಾಕ್ಯವನ್ನೇ ತಿರುಗಿಸಿ ಬರೆಸುತ್ತೇವೆ. ಆ ರೂಪ ಇಂಗ್ಲಿಷಿನಲ್ಲಿ ನಿಜಕ್ಕೂ ಬೇಕಾಗುವುದು ಮಾಡಿದವರು ಯಾರೆನ್ನುವುದಕ್ಕಿಂತ ಏನಾಯಿತು ಎನ್ನುವುದು ಮುಖ್ಯವಾದಾಗ, ಅಂದರೆ ಒಂದು ಕೆಲಸದ ಕ್ರಮವನ್ನು ವಿವರಿಸುವಾಗ. ಒಣದ್ರಾಕ್ಷಿ ಮಾಡುವ ಕೆಲಸ ಹೆಜ್ಜೆ ಹೆಜ್ಜೆಗೂ ಆ ರೂಪವನ್ನೇ ಬೇಡುತ್ತದೆ.

ಕ್ರಮ ಹೀಗೆ. ಥಾಮ್ಸನ್ ಸೀಡ್‌ಲೆಸ್, ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್‌ನಂಥ ಬೀಜವಿಲ್ಲದ ತಳಿಗಳ ಮಾಗಿದ ಗೊಂಚಲನ್ನು ಕೊಯ್ದು, ತೊಳೆದು, ದ್ರಾವಣದಲ್ಲಿ ಅದ್ದುತ್ತಾರೆ. ನೂರು ಲೀಟರ್ ನೀರಿಗೆ ಸುಮಾರು ಎರಡೂವರೆ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್. ಕೆಲವು ನಿಮಿಷ ಅದ್ದಿ ತೆಗೆದು ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಲರಿಯ ಮೇಲೆ ನೆರಳಲ್ಲಿ ಹರಡುತ್ತಾರೆ. ಹದಿನೈದು ದಿನದ ಆಸುಪಾಸಿಗೆ ಒಣಗುತ್ತದೆ. ಆಮೇಲೆ ಉದುರಿಸಿ, ತೊಟ್ಟು ಬಿಡಿಸಿ, ಬಣ್ಣ ಮತ್ತು ಗಾತ್ರ ನೋಡಿ ಬೇರ್ಪಡಿಸಿ ಬಾಕ್ಸಿಗೆ ತುಂಬುತ್ತಾರೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ಮಾಲು ವಿಜಯಪುರದ ಮಾರುಕಟ್ಟೆಗೂ ಹೋಗುತ್ತದೆ, ಗಡಿ ದಾಟಿ ತಾಸಗಾಂವ, ಸಾಂಗಲಿಗೂ ಹೋಗುತ್ತದೆ.

ಇದನ್ನು ಪ್ರಾಜೆಕ್ಟಾಗಿ ಕಟ್ಟುವುದು ಹೇಗೆ? ಮೊದಲ ಹಂತ ಪೂರ್ತಿ ಮಗುವಿನ ಮನೆಮಾತಿನಲ್ಲೇ ನಡೆಯಬೇಕು. ನಾಲ್ಕೈದು ಮಕ್ಕಳ ಗುಂಪು ಪ್ರಶ್ನೆ ಬರೆದುಕೊಂಡು ಶೆಡ್ಡಿಗೆ ಹೋಗುತ್ತದೆ. ‘ಕಾಕಾ, ಈ ಎಣ್ಣಿ ನೀರಾಗ ಯಾಕ ಅದ್ದತೀರಿ?’ ಎಂದು ಕೇಳಿದರೆ, ‘ಹಂಗ ಒಣಾ ಹಾಕಿದ್ರ ತಿಂಗಳ ಮ್ಯಾಲ ಹಿಡೀತದ. ಅದ್ದಿದ್ರ ಸಿಪ್ಪಿ ಮ್ಯಾಲಿನ ಮೇಣ ಸಡಲ ಆಗಿ ನೀರು ಲಗೂನ ಹೋಗ್ತದ’ ಎಂಬ ಧಾಟಿಯ ಉತ್ತರ ಬರುತ್ತದೆ. ಈ ಒಂದು ಉತ್ತರದಲ್ಲಿ ಕಾರಣವಿದೆ, ಪರಿಣಾಮವಿದೆ, ಹೋಲಿಕೆಯಿದೆ. ತರಗತಿಗೆ ಮರಳಿದ ಮೇಲೆ ಕರಿಹಲಗೆಯ ಮೇಲೆ ಹೆಜ್ಜೆಗಳ ಕ್ರಮ ಕನ್ನಡದಲ್ಲೇ ನಿಲ್ಲುತ್ತದೆ: ಕೊಯ್ಯೋದು, ತೊಳೆಯೋದು, ಅದ್ದೋದು, ಹರಡೋದು. ಇಂಗ್ಲಿಷಿಗೆ ಹೊರಳುವುದು ಎರಡನೆಯ ಹಂತದಲ್ಲಿ. ‘ದ ಬಂಚಸ್ ಆರ್ ವಾಶ್ಡ್. ದೆನ್ ದೇ ಆರ್ ಡಿಪ್ಡ್.’ ಎರಡು ವಾಕ್ಯವನ್ನು ಶಿಕ್ಷಕರು ಕೊಟ್ಟರೆ ಮೂರನೆಯದನ್ನು ಮಕ್ಕಳು ತಾವೇ ಕಟ್ಟುತ್ತಾರೆ. ಕಟ್ಟಲೇಬೇಕು, ಏಕೆಂದರೆ ಮೂರನೆಯ ಹೆಜ್ಜೆ ಪುಸ್ತಕದಲ್ಲಿಲ್ಲ, ಅವರ ನೋಟ್‌ಬುಕ್ಕಿನಲ್ಲಿದೆ.

ಪ್ರಭು ಅವರ ತರ್ಕದ ಚಟುವಟಿಕೆ ಬರುವುದು ಇಲ್ಲಿ. ಒಬ್ಬ ರೈತನ ಬಳಿ 4 ಟನ್ ಹಸಿ ದ್ರಾಕ್ಷಿ ಇದೆ. ಈ ವಾರದ ಹಸಿ ದ್ರಾಕ್ಷಿಯ ದರ, ಒಣದ್ರಾಕ್ಷಿಯ ದರ, ಎಣ್ಣೆ ಮತ್ತು ಪುಡಿಯ ಖರ್ಚು, ಆಳಿನ ಪಗಾರ ಇವನ್ನೆಲ್ಲ ಮಕ್ಕಳೇ ಮನೆಯಿಂದ, ಮಾರುಕಟ್ಟೆಯಿಂದ ಕೇಳಿ ತರುತ್ತಾರೆ. ಈಗಲೇ ಮಾರಬೇಕೋ, ಒಣಗಿಸಬೇಕೋ, ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯಬೇಕೋ? ಗುಂಪುಗಳು ಲೆಕ್ಕ ಹಾಕಿ ‘ಇಫ್’ನಿಂದ ಶುರುವಾಗುವ ವಾಕ್ಯಗಳಲ್ಲಿ ಸಲಹೆ ಬರೆಯಬೇಕು. ಅಕಾಲಿಕ ಮಳೆ ಬಂದರೆ ಏನು ಎಂಬ ಪ್ರಶ್ನೆಯನ್ನು ಯಾವುದಾದರೊಂದು ಮಗು ಎತ್ತಿಯೇ ಎತ್ತುತ್ತದೆ, ದ್ರಾಕ್ಷಿ ಬೆಳೆಯುವ ಮನೆಯ ಮಗು ಆ ಭಯವನ್ನು ಕಂಡಿರುತ್ತದೆ. ಷರತ್ತಿನ ವಾಕ್ಯಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸಪಾಠ ಯಾವ ವ್ಯಾಕರಣ ಪುಸ್ತಕದಲ್ಲೂ ನನಗೆ ಕಂಡಿಲ್ಲ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಬಾರದು. ಈ ಶೆಡ್ಡುಗಳಲ್ಲಿ ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುವುದುಂಟು. ಮಕ್ಕಳ ಭೇಟಿ ಆ ಹೊತ್ತಿನಲ್ಲಿ ಸಲ್ಲದು. ಸುಗ್ಗಿಯ ತಿಂಗಳಲ್ಲಿ ಕೆಲವು ಮಕ್ಕಳು ಶಾಲೆ ತಪ್ಪಿಸಿ ತೋಟಕ್ಕೆ, ಶೆಡ್ಡಿಗೆ ದುಡಿಯಲು ಹೋಗುವುದೂ ಉಂಟು. 1986ರ ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ ಹದಿನಾಲ್ಕರೊಳಗಿನವರ ದುಡಿಮೆಯನ್ನು ನಿಷೇಧಿಸಿದೆ, ಮನೆಯವರ ಕೆಲಸಕ್ಕೆ ಶಾಲೆಯ ವೇಳೆಯ ಹೊರಗೆ ನೆರವಾಗುವುದಕ್ಕೆ ವಿನಾಯಿತಿಯಿದೆ. ಪ್ರಾಜೆಕ್ಟಿನ ನೆಪದಲ್ಲಿ ಆ ದುಡಿಮೆಗೆ ಶಾಲೆಯ ಮುದ್ರೆ ಬೀಳಬಾರದು. ಆದರೆ ಗೈರುಹಾಜರಾಗಿ ಮರಳಿ ಬಂದ ಹುಡುಗನಿಗೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿರುವ ಒಂದು ವಿಷಯವಿದೆ ಎಂಬುದೂ ಸತ್ಯ. ಜಿಲ್ಲೆಯ ತಾಂಡಾಗಳಿಂದ ತಂದೆತಾಯಿಯ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಹಂಗಾಮು ಮುಗಿದ ಮೇಲೆ ಬರುವ ಲಂಬಾಣಿ ಮಕ್ಕಳ ವಿಷಯದಲ್ಲೂ ಇದೇ ಮಾತು. ಪ್ರಶ್ನೋತ್ತರ ಬರೆಸುವ ತರಗತಿಯಲ್ಲಿ ಅವರು ತಪ್ಪಿಸಿಕೊಂಡ ಪಾಠಗಳ ಸಾಲಗಾರರು. ಕೆಲಸದ ಕ್ರಮವನ್ನು ವಿವರಿಸುವ ತರಗತಿಯಲ್ಲಿ ಅವರ ಬಳಿಯೇ ಉಳಿದವರು ಕೇಳಿ ತಿಳಿಯಬೇಕಾಗುತ್ತದೆ. ಈ ಒಂದು ಕಾರಣಕ್ಕಾದರೂ ನಾನು ಪ್ರಾಜೆಕ್ಟಿನ ಪರವಾಗಿ ನಿಲ್ಲುತ್ತೇನೆ.

ನಗರದ ಶಾಲೆಗಳು

ವಿಜಯಪುರ ನಗರದ ತರಗತಿ ಬೇರೆಯೇ ಬಗೆಯದು. ಕನ್ನಡ, ಉರ್ದು, ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಗಳು ಒಂದೇ ಬಡಾವಣೆಯಲ್ಲಿ ಸಿಗುತ್ತವೆ. ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ಓದುವವರು ಎಸ್‌ಎಸ್‌ಎಲ್‌ಸಿಯಲ್ಲಿ 100 ಅಂಕದ ಲಿಖಿತ ಪರೀಕ್ಷೆ, 25 ಆಂತರಿಕ ಅಂಕ ಎದುರಿಸುತ್ತಾರೆ. ದ್ವಿತೀಯ ಭಾಷೆಯವರಿಗೆ 80 ಮತ್ತು 20. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಸ್ಥಿತಿ ಈ ಊರಿಗೆ ಹೊಸದಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ರಚಿಸಿದ ಊರಿದು. ಹಲವು ಭಾಷೆಯಲ್ಲಿ ಬದುಕುವುದು ಇಲ್ಲಿನ ಮಕ್ಕಳಿಗೆ ಕೊರತೆಯಲ್ಲ, ಬಂಡವಾಳ.

ನಗರದ ಪ್ರಾಜೆಕ್ಟಿನ ವಿಷಯ ಎಂದೊಡನೆ ಎಲ್ಲರಿಗೂ ಗೋಲಗುಮ್ಮಟ ನೆನಪಾಗುತ್ತದೆ, ಅಪಾಯವೂ ಅಲ್ಲೇ ಇದೆ. ಮೊಬೈಲಿನಲ್ಲಿ ಹುಡುಕಿದರೆ ಸಾವಿರ ಪುಟ ಸಿಗುವ ಸ್ಮಾರಕವದು. ಮುಹಮ್ಮದ್ ಆದಿಲ್‌ಶಾಹನ ಸಮಾಧಿ, 1656ರ ಸುಮಾರಿಗೆ ನಿಂತ ಕೆಲಸ, ಹೊರವ್ಯಾಸ 44 ಮೀಟರ್‌ನ ಗುಮ್ಮಟ, ನಾಲ್ಕು ಮೂಲೆಗೆ ಏಳು ಅಂತಸ್ತಿನ ಗೋಪುರ: ಇಷ್ಟನ್ನು ನಕಲು ಮಾಡಿ ತರುವುದಕ್ಕೆ ಶಾಲೆಯಿಂದ ಹೊರಗೆ ಕಾಲಿಡುವ ಅಗತ್ಯವೇ ಇಲ್ಲ. ಕ್ಸೆರಾಕ್ಸ್ ಅಂಗಡಿಯಲ್ಲಿ ಇದರ ಸಿದ್ಧ ಪ್ರಾಜೆಕ್ಟುಗಳೇ ದೊರೆಯುತ್ತವೆ.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಧ್ವನಿ ಏಳು ಸಲ ಮರುಕಳಿಸುತ್ತದೆ ಎಂದು ಒಬ್ಬರು, ಹತ್ತು ಸಲ ಎಂದು ಇನ್ನೊಬ್ಬರು ಹೇಳುತ್ತಾರೆ. ಗುಂಪು ಗುಂಪಾಗಿ ಮಕ್ಕಳು ಮುಂಜಾನೆ ಜನ ಸೇರುವ ಮೊದಲು ಮೇಲೆ ಹತ್ತಿ ತಾವೇ ಎಣಿಸಲಿ. ಚಪ್ಪಾಳೆಗೆ ಎಷ್ಟು, ಕಾಗದ ಹರಿದ ಸದ್ದಿಗೆ ಎಷ್ಟು, ಬೇರೆ ಬೇರೆ ಜಾಗದಲ್ಲಿ ನಿಂತು ಕೇಳಿದರೆ ಎಷ್ಟು? ಎರಡು ಗುಂಪಿನ ಎಣಿಕೆ ಹೊಂದುವುದಿಲ್ಲ. ಹೊಂದದಿರುವುದೇ ಒಳ್ಳೆಯದು, ಏಕೆಂದರೆ ಆಗ ವರದಿಯಲ್ಲಿ ‘ನಾವು ಹೀಗೆ ಎಣಿಸಿದೆವು, ಅವರು ಹಾಗೆ ಎಣಿಸಿದರು, ವ್ಯತ್ಯಾಸಕ್ಕೆ ಇದು ಕಾರಣವಿರಬಹುದು’ ಎಂದು ಬರೆಯಬೇಕಾಗುತ್ತದೆ. ‘ಮೇ’, ‘ಮೈಟ್’, ‘ಮಸ್ಟ್’ ಎಂಬ ಸಹಾಯಕ ಕ್ರಿಯಾಪದಗಳಿಗೆ ಮೊದಲ ಬಾರಿ ನಿಜವಾದ ಕೆಲಸ ಸಿಗುತ್ತದೆ. ಅಂತರ್ಜಾಲದಲ್ಲಿ ಈ ವರದಿ ಇಲ್ಲ, ಇರಲು ಸಾಧ್ಯವೂ ಇಲ್ಲ.

ಓದಿನಲ್ಲಿ ಮುಂದಿರುವ ಮಕ್ಕಳಿಗೆ ಈ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಹಿಂದಿನವರು ಬರೆದದ್ದನ್ನು ತೋರಿಸಬಹುದು. ಹೆನ್ರಿ ಕಸೆನ್ಸ್ 1916ರಲ್ಲಿ ಪ್ರಕಟಿಸಿದ ವಿಜಯಪುರದ ವಾಸ್ತುಶಿಲ್ಪದ ದೊಡ್ಡ ಗ್ರಂಥದಿಂದ ಒಂದು ಪುಟ, ಇಲ್ಲವೇ ಆದಿಲ್‌ಶಾಹಿ ಕಾಲದ ಈ ನಗರ ಬರುವ ಮೆಡೋಸ್ ಟೇಲರ್‌ನ 1863ರ ಕಾದಂಬರಿ ‘ತಾರಾ’ದಿಂದ ಒಂದು ತುಣುಕು. ಹೊರಗಿನವರ ಕಣ್ಣಿಗೆ ಕಂಡದ್ದಕ್ಕೂ ತಾವು ದಿನಾ ಕಾಣುವುದಕ್ಕೂ ಹೊಂದಿಕೆ ಎಲ್ಲಿದೆ, ಎಲ್ಲಿಲ್ಲ ಎಂದು ಹೇಳುವುದು ಹದಿನೈದರ ಮಕ್ಕಳ ಶಕ್ತಿಯೊಳಗಿನ ಕೆಲಸವೇ.

ಇಲ್ಲಿಯ ವಿಷಯವನ್ನು ಇಲ್ಲಿಯವರೇ ಹೊರಗಿನ ಓದುಗರಿಗೆ ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ದೊಡ್ಡ ಮೇಲ್ಪಂಕ್ತಿ ಫ. ಗು. ಹಳಕಟ್ಟಿಯವರದು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡಿದ ಅವರು 1910ರಲ್ಲಿ ಬಿಎಲ್‌ಡಿಇ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ತಾಳೆಗರಿ ಹುಡುಕಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಇವೆಲ್ಲ ಕನ್ನಡ ಓದುಗರಿಗೆ ತಿಳಿದದ್ದೇ. ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಅವರು 1922ರಷ್ಟು ಹಿಂದೆಯೇ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು ಎಂಬುದು ಶಾಲೆಗಳಲ್ಲಿ ಅಷ್ಟಾಗಿ ಹೇಳಲ್ಪಡದ ಸಂಗತಿ. ಬಸವನಬಾಗೇವಾಡಿ ಇರುವ ಜಿಲ್ಲೆಯ ಮಕ್ಕಳಿಗೆ ವಚನ ಬಾಯಿಪಾಠವಿರುತ್ತದೆ. ವರ್ಷದ ಕೊನೆಯ ಎರಡು ವಾರ ಆ ಬಾಯಿಪಾಠದ ಒಂದು ವಚನವನ್ನು ಮೂರು ಗುಂಪು ಬೇರೆ ಬೇರೆಯಾಗಿ ಇಂಗ್ಲಿಷಿಗೆ ತಂದು, ತಮ್ಮ ಆಯ್ಕೆಗಳನ್ನು ತರಗತಿಯ ಮುಂದೆ ಸಮರ್ಥಿಸಿಕೊಳ್ಳಲಿ. ಹತ್ತನೆಯ ತರಗತಿಯ ಪಠ್ಯದಲ್ಲಿ ವಿ. ಕೃ. ಗೋಕಾಕರ ‘ದ ಸಾಂಗ್ ಆಫ್ ಇಂಡಿಯಾ’ ಪದ್ಯವಿದೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಾಳಿದ ಅವರೇ ಶಾಲೆಗಳಲ್ಲಿ ಕನ್ನಡದ ಸ್ಥಾನಕ್ಕಾಗಿ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಎರಡು ಭಾಷೆ ಒಂದನ್ನೊಂದು ತಳ್ಳಲೇಬೇಕಿಲ್ಲ ಎನ್ನುವುದಕ್ಕೆ ಈ ಇಬ್ಬರ ಬದುಕು ಸಾಕ್ಷಿ.

ಪ್ರೊಫೈಲ್ ಬರೆಯುವ ಅಭ್ಯಾಸಕ್ಕೂ ಹೊರಗೆ ಹೋಗಬೇಕಾಗಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ನಿಧನರಾದ ಸಿದ್ಧೇಶ್ವರ ಸ್ವಾಮೀಜಿಯವರ ಬಗ್ಗೆ ಪ್ರತಿ ಮನೆಯಲ್ಲೂ ಒಂದು ನೆನಪಿದೆ. ಊರಿನ ಹಿರಿಯರೊಬ್ಬರಿಂದ ಅಂಥ ನೆನಪನ್ನು ಕೇಳಿ ಬರೆದ ಅರ್ಧ ಪುಟ, ಅಂಶ ಕೊಟ್ಟು ವಾಕ್ಯ ಮಾಡಿಸಿದ ಹತ್ತು ಪ್ರೊಫೈಲಿಗೆ ಸಮ.

ಕೆರೆಯ ದಂಡೆಯಲ್ಲಿ

ಬಬಲೇಶ್ವರ ಮತ್ತು ತಿಕೋಟಾ ಎರಡೂ 2018ರಲ್ಲಿ ಅಸ್ತಿತ್ವಕ್ಕೆ ಬಂದ ತಾಲ್ಲೂಕುಗಳು. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ 1633ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ದೊಡ್ಡ ಕೆರೆಯಿದೆ. ಬರಗಾಲಕ್ಕೆ ಹೆಸರಾದ ಈ ಸೀಮೆಗೆ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಬಂದ ಮೇಲೆ ಬೆಳೆಯೂ ಬದಲಾಗಿದೆ, ಮಾತಿನ ವಿಷಯವೂ ಬದಲಾಗಿದೆ. ಅಜ್ಜಿ ಕೊಡ ಹೊತ್ತ ದೂರವನ್ನು ಮೊಮ್ಮಗಳು ಕಂಡಿಲ್ಲ. ಹಾಗಾಗಿ ಇಲ್ಲಿ ಪ್ರಾಜೆಕ್ಟು ಸಂದರ್ಶನದ ರೂಪ ತಾಳುವುದು ಸಹಜ: ಮನೆಯ ಹಿರಿಯರೊಬ್ಬರಿಗೆ ನೀರಿನ ಬಗ್ಗೆ ಐದು ಪ್ರಶ್ನೆ, ಉತ್ತರ ಅವರ ಮಾತಿನಲ್ಲೇ, ಆಮೇಲೆ ಇಂಗ್ಲಿಷಿನಲ್ಲಿ ಆಗ ಹೀಗಿತ್ತು, ಈಗ ಹೀಗಿದೆ ಎಂಬ ಎರಡು ಕಂಡಿಕೆ. ‘ಯೂಸ್ಡ್ ಟು’ ಎಂಬ ರೂಪಕ್ಕೆ ಇದಕ್ಕಿಂತ ಸರಿಯಾದ ಜಾಗವಿಲ್ಲ. ಕೆರೆಯ ನೀರು ಮೊದಲು ಕುಡಿಯಲಿಕ್ಕೋ ಹೊಲಕ್ಕೋ ಎಂಬ ಚರ್ಚೆ ಪ್ರಭು ಅವರು ಕಷ್ಟವೆಂದ ಮೂರನೆಯ ಬಗೆಗೆ ಸೇರುತ್ತದೆ, ನಿಜ. ಆದರೆ ಅಭಿಪ್ರಾಯವೇ ಇಲ್ಲದ ವಿಷಯ ಕೊಟ್ಟಾಗ ಮಗು ಸುಮ್ಮನಾಗುತ್ತದೆಯೇ ಹೊರತು ನೀರಿನ ವಿಷಯದಲ್ಲಿ ಈ ಭಾಗದ ಮಕ್ಕಳು ಸುಮ್ಮನಿರುವವರಲ್ಲ.

ದಿನಾಂಕದಿಂದ ಹಿಂದಕ್ಕೆ

ಯೋಜನೆಯನ್ನು ಕೊನೆಯ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಫಲಿತಾಂಶ ಹೇಳಿ ಶಾಲೆ ಮುಚ್ಚುತ್ತದೆ. ಆ ದಿನ ತಂದೆತಾಯಿ ಶಾಲೆಗೆ ಬರುತ್ತಾರೆ. ಇಲಾಖೆಯ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಆಶಯವೂ ಅದೇ. ಮಕ್ಕಳ ಬರಹಕ್ಕೆ ಓದುಗರು ಸಿಗುವ ದಿನವದು. ಇಂಗ್ಲಿಷ್ ಬಾರದ ತಾಯಿಗೆ ಮಗಳು ಪುಟ ತೋರಿಸಿ, ಇದರಲ್ಲಿ ನೀನು ಹೇಳಿದ್ದು ಹೀಗಿದೆ ಎಂದು ತನ್ನ ಮಾತಿನಲ್ಲಿ ವಿವರಿಸಬೇಕಾಗುತ್ತದೆ. ಅರ್ಥವಾಗದೆ ನಕಲು ಮಾಡಿದ ಬರಹ ಆ ಒಂದು ನಿಮಿಷವನ್ನು ದಾಟುವುದಿಲ್ಲ.

ಮಾರ್ಚ್ ಮೊದಲ ವಾರಕ್ಕೆ ಕೊನೆಯ ಕರಡು ಮುಗಿದಿರಬೇಕು, ಆಮೇಲೆ ಸಂಕಲನಾತ್ಮಕ ಪರೀಕ್ಷೆಯ ತಯಾರಿ. ವಿಜಯಪುರದ ಮಾರ್ಚ್ ಬಿಸಿಲಿನಲ್ಲಿ ಮಧ್ಯಾಹ್ನದ ಅವಧಿಗಳಿಂದ ಹೆಚ್ಚು ನಿರೀಕ್ಷಿಸುವುದೂ ತಪ್ಪು. ಫೆಬ್ರವರಿಯಲ್ಲಿ ಶೆಡ್ಡಿನ ಭೇಟಿ, ಮೊದಲ ಕರಡು, ತಿದ್ದುವಿಕೆ. ಜನವರಿಯಲ್ಲಿ ಪ್ರಶ್ನೆ ಕಟ್ಟುವ ಅಭ್ಯಾಸ ಮತ್ತು ಗೋಲಗುಮ್ಮಟ, ಕೆರೆಯಂಥ ಜಾಗಗಳ ಭೇಟಿ. ಶೈಕ್ಷಣಿಕ ಪ್ರವಾಸಗಳ ತಿಂಗಳಾದ ಡಿಸೆಂಬರಿನಲ್ಲಿ ಬೇರೆ ಕೆಲಸ ಸಾಗದು. ಉಳಿದದ್ದು ನವೆಂಬರ್. ದಸರೆಯ ರಜೆ ಮುಗಿಸಿ ಬಂದ ಮಕ್ಕಳ ಗುಂಪು ಮಾಡಿ, ವಿಷಯ ಹಂಚಿ, ಶೆಡ್ಡಿನ ಮಾಲೀಕರ ಮತ್ತು ಮುಖ್ಯಶಿಕ್ಷಕರ ಒಪ್ಪಿಗೆ ಪಡೆಯುವುದು ಆಗಲೇ ಆಗಬೇಕು.

ಹತ್ತನೆಯ ತರಗತಿಯ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಡಿಸೆಂಬರ್ ನಂತರ ಅವರಿಗೆ ಪ್ರತ್ಯೇಕ ಪ್ರಾಜೆಕ್ಟು ಬೇಡ. ಆದರೆ ಪುನರಾವರ್ತನೆಯ ಒಳಗೇ ಇದೇ ಸಾಮಗ್ರಿಯನ್ನು ತರಬಹುದು. ಪತ್ರಲೇಖನಕ್ಕೆ ಯಾವುದೋ ಊರಿನ ಬೀದಿದೀಪದ ಬದಲು ತಮ್ಮ ಊರಿಗೆ ಸಂಜೆ ಬರದ ಬಸ್ಸಿನ ಬಗ್ಗೆ ಡಿಪೊ ವ್ಯವಸ್ಥಾಪಕರಿಗೆ ಪತ್ರ. ಚಿತ್ರವರ್ಣನೆಗೆ ಸಂತೆಯ ದಿನದ ಬಸ್ ನಿಲ್ದಾಣದ ಫೋಟೊ. ಆರ್. ಕೆ. ನಾರಾಯಣರ ‘ಎ ಹೀರೋ’ ಪಾಠದ ಸ್ವಾಮಿಯ ಹಾಗೆ ರಾತ್ರಿ ಒಬ್ಬರೇ ಮಲಗಿ ಹೆದರಿದ್ದನ್ನು ಐದು ವಾಕ್ಯದಲ್ಲಿ ಬರೆಯುವುದು. ಪಾಸಿಂಗ್ ಪ್ಯಾಕೇಜಿನ ಮಕ್ಕಳಿಗೆ ಇದು ಹೆಚ್ಚು ಬೇಕು. ಬಾಯಿಪಾಠ ಮಾಡಿದ ಪತ್ರ ಪರೀಕ್ಷೆಯ ಹಾಲಿನಲ್ಲಿ ಎರಡನೆಯ ವಾಕ್ಯಕ್ಕೆ ಮರೆತುಹೋದರೆ ಮುಂದೆ ದಾರಿಯಿಲ್ಲ. ತಾನೇ ಕಟ್ಟಿದ ಸಣ್ಣ ವಾಕ್ಯಗಳನ್ನು ಮತ್ತೆ ಕಟ್ಟಬಹುದು.

ಅಂಕ ಕೊಡುವುದು

ಚಾರ್ಟಿನ ಅಂದಕ್ಕೆ ಅಂಕ ಕೊಡುವುದನ್ನು ಮೊದಲು ನಿಲ್ಲಿಸಬೇಕು. ನನ್ನ ಸಲಹೆ ಇಷ್ಟು. ಮೊದಲ ಕರಡನ್ನೂ ಕೊನೆಯ ಕರಡನ್ನೂ ಒಟ್ಟಿಗೆ ಪಿನ್ ಮಾಡಿ ತರಿಸಿ, ಎರಡರ ನಡುವೆ ನಡೆದ ತಿದ್ದುಪಡಿಗೆ ಅಂಕ ಕೊಡಬೇಕು. ಮೊದಲ ಕರಡಿನಲ್ಲಿ ತಪ್ಪು ಹೆಚ್ಚಿದ್ದವರಿಗೆ ಅದರಿಂದ ನಷ್ಟವಾಗಬಾರದು. ಕ್ಷೇತ್ರದಲ್ಲಿ ಬರೆದುಕೊಂಡ ಟಿಪ್ಪಣಿ, ಅದು ಯಾವ ಭಾಷೆಯಲ್ಲಿದ್ದರೂ, ಪ್ರಾಜೆಕ್ಟಿನ ಭಾಗವೆಂದೇ ಲೆಕ್ಕ. ಪ್ರತಿ ಮಗುವಿನೊಂದಿಗೆ ಎರಡು-ಮೂರು ನಿಮಿಷ ಬರಹವನ್ನು ಮುಂದಿಟ್ಟುಕೊಂಡು ಮಾತಾಡಬೇಕು. ಈ ವಾಕ್ಯ ಯಾಕೆ ಹೀಗೆ ಬರೆದೆ, ಈ ದರ ಯಾರು ಹೇಳಿದರು, ಮೊದಲು ಅದ್ದುತ್ತಾರೋ ತೊಳೆಯುತ್ತಾರೋ? ಮೊಬೈಲು ಬರೆದುಕೊಟ್ಟ ಪ್ರಾಜೆಕ್ಟನ್ನು ಹಿಡಿಯಲು ಇದಕ್ಕಿಂತ ಬೇರೆ ಉಪಾಯ ಬೇಕಿಲ್ಲ, ಮಾತನಾಡುವ ಕೌಶಲದ ಅಂಕಕ್ಕೂ ಇದೇ ಆಧಾರವಾಗುತ್ತದೆ. ಐವತ್ತು-ಅರವತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆ ನಾಲ್ಕೈದು ಅವಧಿ ಹಿಡಿಯುತ್ತದೆ. ಆ ಅವಧಿಗಳಲ್ಲಿ ಉಳಿದವರು ಒಬ್ಬರ ಕರಡನ್ನು ಇನ್ನೊಬ್ಬರು ಓದಿ, ಅರ್ಥವಾಗದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿರಲಿ. ತಪ್ಪು ಹುಡುಕುವುದು ಅವರ ಕೆಲಸವಲ್ಲ, ಅರ್ಥವಾಗದ್ದನ್ನು ಗುರುತಿಸುವುದಷ್ಟೇ.

ಶಿಕ್ಷಕರು ತಿದ್ದುವಾಗ ಒಂದು ಬರಹದಲ್ಲಿ ಒಂದೇ ವ್ಯಾಕರಣ ಅಂಶವನ್ನು ಹಿಡಿದರೆ ಸಾಕು. ಶೆಡ್ಡಿನ ಬರಹದಲ್ಲಿ ಪ್ಯಾಸಿವ್ ರೂಪ, ಗುಮ್ಮಟದ ವರದಿಯಲ್ಲಿ ಸಹಾಯಕ ಕ್ರಿಯಾಪದ, ಕೆರೆಯ ಸಂದರ್ಶನದಲ್ಲಿ ಭೂತಕಾಲ. ಪುಟದ ತುಂಬ ಕೆಂಪು ಗೆರೆ ಕಂಡ ಮಗು ಎರಡನೆಯ ಕರಡಿಗೆ ಕೈ ಹಾಕುವುದಿಲ್ಲ.

ಮುಗಿದ ಬರಹಗಳನ್ನು ತಿರುಗಿ ಮನೆಗೆ ಕಳಿಸದೆ ಹೊಲಿದು ಶಾಲೆಯ ಗ್ರಂಥಾಲಯದಲ್ಲಿ ಇಡಬೇಕು. ಜೂನ್‌ನಲ್ಲಿ ಹೊಸ ಒಂಬತ್ತನೆಯ ತರಗತಿಗೆ ಮೊದಲ ವಾರದ ಓದು ಅದೇ ಆಗಲಿ. ಹಿಂದಿನ ವರ್ಷದ ದರ ಇಷ್ಟಿತ್ತು, ಈ ವರ್ಷ ಎಷ್ಟಾಗಿದೆ, ಅವರು ಕೇಳದೆ ಬಿಟ್ಟ ಪ್ರಶ್ನೆ ಯಾವುದು ಎಂದು ಪಟ್ಟಿ ಮಾಡಿಸಿದರೆ ನವೆಂಬರಿನ ಕೆಲಸ ಅರ್ಧ ಆದಂತೆ. ತಿಕೋಟಾದ ಮಕ್ಕಳು ಬರೆದ ಒಣದ್ರಾಕ್ಷಿಯ ಪುಸ್ತಿಕೆಯನ್ನು ನಗರದ ಉರ್ದು ಶಾಲೆಗೂ, ಅಲ್ಲಿಯ ಗುಮ್ಮಟದ ವರದಿಯನ್ನು ಬಬಲೇಶ್ವರಕ್ಕೂ ಕಳಿಸಬಹುದು. ಮೂರೂ ಕಡೆಯ ಮಕ್ಕಳು ಒಬ್ಬರಿಗೊಬ್ಬರು ಪ್ರಶ್ನೆ ಬರೆದು ಕಳಿಸಲು ಒಂದು ಅಂಚೆ ಲಕೋಟೆಯ ಖರ್ಚು ಸಾಕು, ಜುಲೈನಲ್ಲಿ ಬರುವ ಎಫ್‌ಎ-1ರ ಪತ್ರಲೇಖನ ಚಟುವಟಿಕೆಯಾಗಿ ಅದನ್ನೇ ದಾಖಲಿಸಬಹುದು.